ಗೆಳೆಯ ನಿಂತು ಮಾಡಿಸಿದರೆ ಮದುವೆ ಆಯ್ತು ಅಂತ ಯಾರ್ರೀ ಹೇಳಿದ್ದು?

ಗೋಕರ್ಣದಿಂದ ಕಾರವಾರದ ತನಕ ಸಮುದ್ರ ದಂಡೆ ಮೇಲೆ ಮದುವೆ ಮಾಡಿಸಿಕೊಡುವ ಕೆಲವರು ಹುಡುಗ ಹುಡುಗಿಯರ ತಲೆಗೆ ಒಂದು ಸುಳ್ಳು ತುಂಬುತ್ತಿದ್ದಾರೆ. "ಭಟ್ಟರೂ ಬೇಡ, ಪಾದ್ರಿಯೂ ಬೇಡ, ನಿಮ್ಮ ಗೆಳೆಯನೇ ಮದುವೆ ಮಾಡಿಸಲಿ. ಕಾನೂನು ಪ್ರಕಾರ ನಡೆಯುತ್ತೆ." ನಡೆಯೋದಿಲ್ಲ. ವೀಸಾಕ್ಕೋ ಪಾಸ್‌ಪೋರ್ಟಿಗೋ ಸರ್ಟಿಫಿಕೇಟ್ ಬೇಕಾದಾಗ ಇದು ಗೊತ್ತಾಗುತ್ತೆ. ಅಷ್ಟರಲ್ಲಿ ದುಡ್ಡು ಇಸಿದುಕೊಂಡವರು ಫೋನ್ ಎತ್ತೋದಿಲ್ಲ.

ಅಮೆರಿಕದ ವಿಡಿಯೋ ತೋರಿಸಿ ನಂಬಿಸುತ್ತಾರೆ. ಅಲ್ಲಿನ ಕಾನೂನೇ ಬೇರೆ ಸ್ವಾಮಿ. ಕ್ಯಾಲಿಫೋರ್ನಿಯಾದಲ್ಲಿ ಮೊದಲು ಕೌಂಟಿ ಕಚೇರಿಯಿಂದ ಲೈಸೆನ್ಸ್ ಪಡೀಬೇಕು. ಅದು 90 ದಿನ ಊರ್ಜಿತ. ಮದುವೆ ಮಾಡಿಸಿದವನು ಅದಕ್ಕೆ ಸಹಿ ಹಾಕಿ 10 ದಿನದೊಳಗೆ ವಾಪಸ್ ತಲುಪಿಸಬೇಕು. ಮ್ಯಾಸಚೂಸೆಟ್ಸ್‌ನಲ್ಲಿ ಗೆಳೆಯನಿಗೆ ಒಂದು ದಿನದ ಮಟ್ಟಿಗೆ ಅಧಿಕಾರ ಕೊಡುವ ಪದ್ಧತಿಯೇ ಇದೆ. ಅಲ್ಲಿ ಗೆಳೆಯನ ಸಹಿಗೆ ಸರ್ಕಾರ ಬೆಲೆ ಕಟ್ಟಿದೆ. ನಮ್ಮ ಫಾರಂನಲ್ಲಿ ಅವನಿಗೆ ಇರುವ ಜಾಗ ಒಂದೇ, ಸಾಕ್ಷಿಯದು.

ನನಗೆ ಹೆಚ್ಚು ಸಿಟ್ಟು ಬರೋದು ಮಾತ್ರ ಇನ್ನೊಂದಕ್ಕೆ. ಗೆಳೆಯನ ಕೈಯಲ್ಲಿ, ಮನೆ ಅಂಗಳದಲ್ಲಿ, ಕಾನೂನುಬದ್ಧವಾಗಿ ಮದುವೆ ಆಗಲು 1954ರ ವಿಶೇಷ ವಿವಾಹ ಕಾಯ್ದೆಯಲ್ಲೇ ದಾರಿ ಇದೆ. ಅದನ್ನು ಯಾರೂ ಬಾಯಿ ಬಿಟ್ಟು ಹೇಳೋದಿಲ್ಲ! 12ನೇ ಕಲಂ ಓದಿ. ಮದುವೆ ಸರ್ಕಾರ ನೇಮಿಸಿದ ಮದುವೆ ಅಧಿಕಾರಿಯ ಕಚೇರಿಯಲ್ಲೇ ಆಗಬೇಕೆಂದಿಲ್ಲ; ಹೆಚ್ಚಿನ ಶುಲ್ಕ ಕಟ್ಟಿದರೆ ತಕ್ಕಮಟ್ಟಿನ ದೂರದಲ್ಲಿ ನೀವು ಕೇಳಿದ ಜಾಗದಲ್ಲೂ ಆಗಬಹುದು. ಯಾವ ರೀತಿಯಲ್ಲಿ ಬೇಕಾದರೂ ಮಾಡಿಕೊಳ್ಳಬಹುದು. ಗೆಳೆಯ ಮಾತಾಡಲಿ, ಪ್ರತಿಜ್ಞೆ ಓದಿಸಲಿ, ಹಾರ ಕೊಡಲಿ. ಒಂದೇ ಷರತ್ತು: ಮದುವೆ ಅಧಿಕಾರಿ ಮತ್ತು ಮೂವರು ಸಾಕ್ಷಿಗಳ ಎದುರು ಇಬ್ಬರೂ ಒಬ್ಬರಿಗೊಬ್ಬರು "ನಿನ್ನನ್ನು ಕಾನೂನುಬದ್ಧ ಪತ್ನಿಯಾಗಿ, ಪತಿಯಾಗಿ ಸ್ವೀಕರಿಸುತ್ತೇನೆ" ಅನ್ನಬೇಕು. ತಮಗೆ ಅರ್ಥವಾಗುವ ಯಾವ ಭಾಷೆಯಲ್ಲಾದರೂ ಸರಿ, ಕನ್ನಡವಾಗಲಿ ಕೊಂಕಣಿಯಾಗಲಿ. ಆಮೇಲೆ ಪ್ರಮಾಣಪತ್ರದ ಪುಸ್ತಕದಲ್ಲಿ ಗಂಡು, ಹೆಣ್ಣು, ಮೂವರು ಸಾಕ್ಷಿಗಳ ಸಹಿ. ಆ ಮೂವರಲ್ಲಿ ಒಬ್ಬನಾಗಿ ನಿಮ್ಮ ಗೆಳೆಯ ಇರಲಿ.

ಇದನ್ನು ಕೇಳಲು ಹೋದರೆ ಕೌಂಟರಿನಲ್ಲಿ ಸಿಗುವ ಉತ್ತರ "ಹಾಗೆಲ್ಲ ಬರೋಕಾಗಲ್ಲ, ಇಲ್ಲೇ ಬನ್ನಿ". ಸಿಬ್ಬಂದಿ ಕಡಿಮೆ, ಒಪ್ಪುತ್ತೇನೆ. ಕಾಯ್ದೆಯಲ್ಲಿ ಅವಕಾಶವೇ ಇಲ್ಲ ಅಂತ ಯಾಕೆ ಸುಳ್ಳು ಹೇಳಬೇಕು? ಅರ್ಜಿ ಬರೆದುಕೊಡಿ, ಸ್ವೀಕೃತಿ ಕೇಳಿ, ಬರೋದಿಲ್ಲವಾದರೆ ಬರಹದಲ್ಲೇ ಹೇಳಲಿ.

ದಿನದ ಲೆಕ್ಕ ತಪ್ಪಿ ಕೆಟ್ಟವರೇ ಜಾಸ್ತಿ. ಈ ಕಾಯ್ದೆಯಡಿ ಮದುವೆ ಆಗುತ್ತೇವೆ ಅಂತ ಅಧಿಕಾರಿಗೆ ನೋಟಿಸ್ ಕೊಡುವ ಮೊದಲು ಇಬ್ಬರಲ್ಲಿ ಒಬ್ಬರಾದರೂ ಆ ಅಧಿಕಾರಿಯ ವ್ಯಾಪ್ತಿಯಲ್ಲಿ 30 ದಿನ ವಾಸವಿರಬೇಕು. ಮನೆ ಶಿರಸಿ, ಕೆಲಸ ಬೆಂಗಳೂರು, ಆಧಾರ್ ವಿಳಾಸ ವೈಟ್‌ಫೀಲ್ಡ್ ಅಂದರೆ ಅಲ್ಲೇ ಅಡ್ಡಿ. ಕಚೇರಿಯಲ್ಲಿ ನೋಟಿಸ್ ಹಚ್ಚಿ, ಯಾರದಾದರೂ ಆಕ್ಷೇಪಣೆ ಇದೆಯೋ ಅಂತ 30 ದಿನ ಕಾಯಬೇಕು. ನೋಟಿಸ್ ಕೊಟ್ಟು ಮೂರು ತಿಂಗಳೊಳಗೆ ಮದುವೆ ಆಗದಿದ್ದರೆ ಅದು ರದ್ದು. ಮೇ 10ಕ್ಕೆ ಮದುವೆ ಇಟ್ಟುಕೊಂಡು ಸಂಕ್ರಾಂತಿಗೇ ನೋಟಿಸ್ ಕೊಟ್ಟರೆ ಏಪ್ರಿಲ್ ಮಧ್ಯಕ್ಕೆ ಮುಗೀತು. ಏಪ್ರಿಲ್ 20ಕ್ಕೆ ಕೊಟ್ಟರೆ 30 ದಿನ ತುಂಬೋದಿಲ್ಲ. ಮಾರ್ಚ್‌ನಲ್ಲೇ ಕೊಡಿ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಅಪ್ಪನ ಹೆಸರು ಸೇರಿಸಿ "ಗಣಪತಿ ರಾಮ ಹೆಗಡೆ", ಆಧಾರಿನಲ್ಲಿ "ಗಣಪತಿ ಹೆಗ್ಡೆ" ಅಂತಿದ್ದರೆ ಅದನ್ನೂ ಮೊದಲೇ ಸರಿಮಾಡಿಸಿ.

ಆ ನೋಟಿಸಿನ ಗತಿಯನ್ನೂ ನೋಡಿ. ಮಳೆಗಾಲದ ಥಂಡಿಗೆ ಮುದುಡಿದ ಹಾಳೆ, ಅದರಲ್ಲಿ ಹೆಸರು, ವಯಸ್ಸು, ವಿಳಾಸ. ಯಾರೋ ಮೊಬೈಲಿನಲ್ಲಿ ಹೊಡ್ಕೊಂಡು ವಾಟ್ಸಾಪಿಗೆ ಬಿಡುತ್ತಾರೆ, ಸಂಜೆಯೊಳಗೆ ಹುಡುಗಿ ಮನೆ ಮುಂದೆ ಜನ. ಜಾತಿ ಬೇರೆ, ಧರ್ಮ ಬೇರೆ ಅನ್ನೋದು ಆಕ್ಷೇಪಣೆಯೇ ಅಲ್ಲ. ವಯಸ್ಸು, ಬದುಕಿರುವ ಗಂಡ ಅಥವಾ ಹೆಂಡತಿ, ಮಾನಸಿಕ ಸ್ಥಿತಿ, ನಿಷಿದ್ಧ ನೆಂಟಸ್ತಿಕೆ, ಇಷ್ಟಕ್ಕೇ ತಕರಾರು ಎತ್ತಬಹುದು.

ಇಬ್ಬರೂ ಹಿಂದೂಗಳು, 1955ರ ಹಿಂದೂ ವಿವಾಹ ಕಾಯ್ದೆ ಸಾಕು ಅನ್ನುವವರು ಕೇಳಿ. ಅದರ 7ನೇ ಕಲಂ ಪುರೋಹಿತರೇ ಬೇಕು ಅನ್ನೋದಿಲ್ಲ, ಆದರೆ ಯಾವುದಾದರೂ ಒಂದು ಕಡೆಯ ರೂಢಿಯ ಶಾಸ್ತ್ರ ನಡೆದಿರಬೇಕು. ಶಾಸ್ತ್ರವಿಲ್ಲದ ಬರೀ ಸರ್ಟಿಫಿಕೇಟಿನಿಂದ ಹಿಂದೂ ಮದುವೆ ಆಗದು ಅಂತ ಸುಪ್ರೀಂ ಕೋರ್ಟ್ 2024ರಲ್ಲಿ ಹೇಳಿದೆ. ತಮಿಳುನಾಡು 1967ರಲ್ಲೇ 7ಎ ಕಲಂ ಸೇರಿಸಿ, ಬಂಧು ಮಿತ್ರರ ಎದುರು ಹಾರ ಹಾಕಿಕೊಂಡರೂ ಮದುವೆ ಅಂತ ಒಪ್ಪಿತು. ಪುರೋಹಿತರಿಲ್ಲದ ಸರಳ ಮದುವೆಗೆ ಕುವೆಂಪು ಮಂತ್ರ ಮಾಂಗಲ್ಯ ರೂಪಿಸಿಕೊಟ್ಟ ನಾಡು ನಮ್ಮದು. ನಮ್ಮ ಶಾಸಕರಿಗೆ ಅಂಥ ಒಂದು ತಿದ್ದುಪಡಿ ತರಲು ಇಷ್ಟು ವರ್ಷ ಸಾಲಲಿಲ್ಲವೇ?

ಕ್ರೈಸ್ತ ಜೋಡಿಗಳ ಗೆಳೆಯರಂತೂ ಆನ್‌ಲೈನಿನಲ್ಲಿ ಪಾದ್ರಿ ಸರ್ಟಿಫಿಕೇಟ್ ತಗೊಂಡು ಬರಲೇಬೇಡಿ. 1872ರ ಕ್ರೈಸ್ತ ವಿವಾಹ ಕಾಯ್ದೆಯ 68ನೇ ಕಲಂ ಪ್ರಕಾರ ಅಧಿಕಾರವಿಲ್ಲದೆ ಮದುವೆ ಮಾಡಿಸಿದವನಿಗೆ ಹತ್ತು ವರ್ಷದವರೆಗೆ ಜೈಲು. ದಂಡೆ ಮೇಲೆ ಪ್ಯಾಕೇಜ್ ಮಾರುವವರು ಇದನ್ನು ಯಾವ ಗೆಳೆಯನಿಗೆ ಹೇಳಿದ್ದಾರೆ?