ನಾನೇ ನಿಲ್ತೀನಿ

ನನ್ನ ಮೊಬೈಲಿನಲ್ಲಿ ಲಿಯೋ ತಾತ ಇದ್ದಾರೆ, ಪೆಪ್ಪರ್ ಅಜ್ಜಿ ಇದ್ದಾರೆ, ಬ್ರೂನೋ ಅಮ್ಮ ಇದ್ದಾರೆ, ಚಿಗರಿ ಅಪ್ಪ ಇದ್ದಾರೆ. ಇವರಲ್ಲಿ ಒಬ್ಬರ ನಿಜವಾದ ಹೆಸರೂ ನನಗೆ ಗೊತ್ತಿರಲಿಲ್ಲ. ಮೂರು ವರ್ಷದಿಂದ ಪ್ರತಿ ಭಾನುವಾರ ಬೆಳಗ್ಗೆ ಆರೂವರೆಗೆ ಕನಕಪುರ ರಸ್ತೆ ಕಡೆಯ ಒಂದು ಬಾಡಿಗೆ ಹೊಲದಲ್ಲಿ ಸೇರುತ್ತೇವೆ. ಬ್ರೂನೋಗೆ ಎರಡು ದಿನ ಹೊಟ್ಟೆ ಸರಿ ಇಲ್ಲದಿದ್ದರೆ ಅದು ಎಲ್ಲರಿಗೂ ಗೊತ್ತು, ಬಣ್ಣದ ಸಮೇತ. ಬ್ರೂನೋ ಅಮ್ಮನ ಹೆಸರು ಮಾತ್ರ ಯಾರಿಗೂ ಗೊತ್ತಿಲ್ಲ. ಅಲ್ಲಿ ನನ್ನ ಹೆಸರು ಚಕ್ಲಿ ಅಪ್ಪ.

ಚಕ್ಲಿ ನಮ್ಮ ನಾಯಿ. ಬೀದಿಯಲ್ಲಿ ಸಿಕ್ಕ ಅಪ್ಪಟ ಇಂಡಿ, ಅಂದರೆ ನಾಟಿ ನಾಯಿ. ಅವನ ಬಾಲ ಎರಡು ಸುತ್ತು ಸುತ್ತಿಕೊಂಡು ಬೆನ್ನ ಮೇಲೆ ಕೂತಿರುತ್ತದೆ, ಅದಕ್ಕೇ ಆ ಹೆಸರು. 'ಇವನಿಗೆ ಜಾಸ್ತಿ ಎನರ್ಜಿ, ಏನಾದ್ರೂ ಆಟಕ್ಕೆ ಸೇರಿಸಿ' ಅಂತ ಡಾಕ್ಟರು ಹೇಳಿದ್ದರು. ಸೇರಿಸಿದೆ. ಎನರ್ಜಿ ಖರ್ಚಾಗಿದ್ದು ನನ್ನದು.

ಈ ಆಟಕ್ಕೆ ಅಜಿಲಿಟಿ ಅನ್ನುತ್ತಾರೆ. 1978ರಲ್ಲಿ ಲಂಡನ್ನಿನ ಕ್ರಫ್ಟ್ಸ್ ಶ್ವಾನ ಪ್ರದರ್ಶನದಲ್ಲಿ, ಎರಡು ಕಾರ್ಯಕ್ರಮಗಳ ನಡುವೆ ಜನರಿಗೆ ಬೇಜಾರಾಗದಿರಲಿ ಅಂತ, ಕುದುರೆ ಜಿಗಿತದ ಸ್ಪರ್ಧೆಯನ್ನೇ ಸ್ವಲ್ಪ ಬದಲಿಸಿ ನಾಯಿಗಳ ಕೈಲಿ ಮಾಡಿಸಿದರು. ಅಲ್ಲಿಂದ ಶುರು. ಅಂದರೆ ಇದು ಹುಟ್ಟಿದ್ದೇ ಟೈಂಪಾಸಿಗೆ. ಈಗ ಲೋಕದಲ್ಲೆಲ್ಲ ಸಾವಿರಾರು ಜನ ಇದಕ್ಕಾಗಿ ಮಂಡಿ ಸವೆಸಿಕೊಳ್ಳುತ್ತಿದ್ದಾರೆ. ನಾಯಿ ಹರ್ಡಲ್ ಹಾರಬೇಕು, ಟನಲ್ಲಿನಲ್ಲಿ ನುಗ್ಗಬೇಕು, ಏತದಂಥ ಹಲಗೆ ಮೇಲೆ ನಡೆಯಬೇಕು. 'ಎ' ಆಕಾರದ ಏಣಿ ಹತ್ತಿ ಇಳಿಯುವಾಗ ಕೊನೆಯಲ್ಲಿ ಹಳದಿ ಬಣ್ಣ ಹಚ್ಚಿದ ಭಾಗವನ್ನು ಕಾಲಲ್ಲಿ ಮುಟ್ಟಲೇಬೇಕು. ಆಮೇಲೆ ಸಾಲಾಗಿ ನೆಟ್ಟ 12 ಕಂಬಗಳ ನಡುವೆ ಹಾವಿನ ಥರ ನುಸುಳಬೇಕು. ಅದರಲ್ಲೂ ಮೊದಲ ಕಂಬ ನಾಯಿಯ ಎಡಭುಜದ ಪಕ್ಕಕ್ಕೇ ಬರಬೇಕು.

ಕಳೆದ ಸಲದ ಸ್ಪರ್ಧೆಯಲ್ಲಿ ಚಕ್ಲಿ ಎಲ್ಲವನ್ನೂ ಚೆನ್ನಾಗಿ ಮಾಡಿದ. ಹಳದಿ ಮುಟ್ಟಿದ. ಮೊದಲ ಕಂಬಕ್ಕೆ ಎಡಭುಜ ಕೊಟ್ಟ. ನನ್ನ ಹೆಂಡತಿ ವಿಡಿಯೋ ಮಾಡುತ್ತಿದ್ದಳು. ಐದನೇ ಕಂಬದ ಹತ್ತಿರ ನಿಂತ, ಮೂಸಿದ, ಒಂದು ಕ್ಷಣ ಯೋಚಿಸಿ ಕಾಲೆತ್ತಿದ. ರಿಂಗಿನೊಳಗೆ ಕಾಲೆತ್ತಿದರೆ ನೇರ ಔಟ್. ತಪ್ಪು ಅವನದ್ದು ಅಂತ ನನಗೆ ಈಗಲೂ ಅನಿಸಿಲ್ಲ. ನಾಯಿಯ ಮುಂದೆ ಹನ್ನೆರಡು ಕಂಬ ನೆಟ್ಟು 'ಮಾಡಬೇಡ' ಅಂದರೆ ಹೇಗೆ?

ಇರಲಿ, ವಿಷಯ ಟನಲ್ಲಿನದ್ದು.

ಟನಲ್ ಅಂದರೆ ಬಟ್ಟೆಯ ಕೊಳವೆ. ಅದು ಅಲ್ಲಾಡದಂತೆ ಎರಡೂ ಕಡೆ ಮರಳಿನ ಚೀಲ ಇಡಬೇಕು. ನಮ್ಮ ಚೀಲಗಳು ಹರಿದು ಮರಳು ಹೊಲಕ್ಕೇ ಸೇರಿ ಎರಡು ವರ್ಷವಾಗಿತ್ತು. ಬ್ರೂನೋ 38 ಕಿಲೋ ಲ್ಯಾಬ್ರಡಾರ್. ಅವನು ಒಳಗೆ ನುಗ್ಗಿದರೆ ಟನಲ್ಲೇ ಉರುಳಿಕೊಂಡು ಹೋಗಿ ಬೇಲಿಗೆ ಬಡಿಯುತ್ತಿತ್ತು. ಯಾರನ್ನು ಕೇಳಿದರೂ 'ಕಮಿಟಿಗೆ ಹೇಳಿ' ಅನ್ನುತ್ತಿದ್ದರು. ಕಮಿಟಿ ಯಾರು ಅಂದರೆ ಕೈ ಆಕಾಶದ ಕಡೆ ಹೋಗುತ್ತಿತ್ತು. ಕೊನೆಗೆ ಒಂದು ಶುಕ್ರವಾರ ರಾತ್ರಿ ವಾಟ್ಸಾಪ್ ಗುಂಪಿನಲ್ಲಿ ಬರೆದೆ: 'ಯಾರೂ ಮುಂದೆ ಬರದಿದ್ರೆ ಈ ಸಲ ನಾನೇ ನಿಲ್ತೀನಿ.'

ಟನಲ್ ಹಿಡಿದುಕೊಂಡು ನಿಲ್ತೀನಿ ಅಂತ ನನ್ನ ಅರ್ಥ.

ಅದೇ ದಿನ ಸಂಜೆ ನಮ್ಮ ನಾಯಿ ಸಂಘದ ಕಾರ್ಯಕಾರಿ ಸಮಿತಿಯ ಚುನಾವಣೆಗೆ ನೋಟಿಸು ಹೊರಟಿತ್ತು. ನಾನು ಓದಿರಲಿಲ್ಲ. ಆ ಗುಂಪಿನಲ್ಲಿ ನೋಟಿಸು ಓದುವವರು ಯಾರಿದ್ದಾರೆ? ಬೆಳಗ್ಗೆ ಎದ್ದು ನೋಡಿದರೆ 43 ಹೆಬ್ಬೆರಳು, ಹನ್ನೊಂದು ಹೂಗುಚ್ಛ. 'ನಿಮ್ಮಂಥೋರು ಬೇಕು ಚಕ್ಲಿ ಅಪ್ಪಾ' ಅಂತ ಬ್ರೂನೋ ಅಮ್ಮ. 'ಸೂಚಕ ನಾನು' ಅಂತ ಲಿಯೋ ತಾತ. 'ಅನುಮೋದನೆ' ಅಂತ ಇನ್ಯಾರೋ. ಇಷ್ಟಾದ ಮೇಲೆ 'ಅಯ್ಯೋ, ನಾನು ಹೇಳಿದ್ದು ಟನಲ್ ಹಿಡ್ಕೊಳ್ಳೋದು' ಅನ್ನೋಕೆ ನಾಚಿಕೆಯಾಯಿತು. ಸುಳ್ಳು ಯಾಕೆ, ಸ್ವಲ್ಪ ಖುಷಿಯೂ ಆಯಿತು. ಸ್ಕೂಲಿನಲ್ಲಿ ಕ್ಲಾಸ್ ಲೀಡರ್ ಕೂಡ ಆಗದವನು ನಾನು.

ಮನೆಯಲ್ಲಿ ಹೇಳಿದೆ. 'ರೀ, ನಮ್ಮ ಅಪಾರ್ಟ್‌ಮೆಂಟ್ ಮೀಟಿಂಗಿಗೆ ಒಂದು ದಿನ ಇಳಿದು ಹೋಗಿಲ್ಲ ನೀವು' ಅಂದಳು ಹೆಂಡತಿ. ಅಮ್ಮನಿಗೆ ಬೇರೆಯೇ ಅನುಮಾನ. 'ನಾಯಿ ಸಂಘಕ್ಕೆ ಎಲೆಕ್ಷನ್ನಾ? ಓಟು ನಾಯಿಗಳು ಹಾಕ್ತಾವೋ ಜನ ಹಾಕ್ತಾರೋ?' ಜನ ಅಂದೆ. ಅಮ್ಮ ಸೊಪ್ಪು ಬಿಡಿಸುತ್ತಾ, ಯಾರಿಗೂ ಅಲ್ಲ ಅನ್ನುವ ಹಾಗೆ, 'ನಾಯಿಗೆ ಮಾಡೋಕೆ ಕೆಲಸ ಇಲ್ಲ, ನಿಲ್ಲೋಕೆ ಪುರುಸೊತ್ತಿಲ್ಲ' ಅಂದರು. ಚಕ್ಲಿ ಬಾಲ ಅಲ್ಲಾಡಿಸಿದ. ಗಾದೆ ಅವನ ಬಗ್ಗೆ ಅಂದುಕೊಂಡ ಅಂತ ಕಾಣುತ್ತೆ.

ಸಂಘ ಎಷ್ಟು ಸಣ್ಣದಾದರೂ ಕಾಗದ ಸಣ್ಣದಿರಲ್ಲ. 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ಏಳು ಜನ ಸೇರಿದರೆ ಸಂಘ ಕಟ್ಟಬಹುದು. ಯಾವುದೋ ಕಾಲದಲ್ಲಿ ಏಳು ಜನ ನಾಯಿಪ್ರಿಯರು ಸೇರಿ ಕಟ್ಟಿಯೇ ಬಿಟ್ಟಿದ್ದರು. ಈಗ 63 ಸದಸ್ಯರು, 22 ಪುಟದ ಬೈಲಾ. ನಾಮಪತ್ರದಲ್ಲಿ ಅಭ್ಯರ್ಥಿಯ ಅನುಭವ ಅಂತ ಒಂದು ಕಾಲಂ ಇತ್ತು. 'ಎರಡು ವರ್ಷ ಟನಲ್ ಉರುಳುವುದನ್ನು ನೋಡಿದ್ದೇನೆ' ಅಂತ ಬರೆದೆ. ಸ್ಥಾನ ಐದು, ನಿಂತವರು ಆರು. ಅಂದರೆ ಸೋಲುವವನು ಒಬ್ಬನೇ. ಇದಕ್ಕಿಂತ ಅಪಾಯದ ಚುನಾವಣೆ ಇಲ್ಲ. ನೂರು ಜನರಲ್ಲಿ ಒಬ್ಬನಾಗಿ ಸೋತರೆ ಯಾರಿಗೂ ಗೊತ್ತಾಗಲ್ಲ. ಆರರಲ್ಲಿ ಆರನೆಯವನಾದರೆ ಭಾನುವಾರ ಬೆಳಗ್ಗೆ ಮುಖ ತೋರಿಸೋದು ಹೇಗೆ?

ಪ್ರಚಾರಕ್ಕೆ ಇಳಿದೆ. ಮೊದಲು ಹೋಗಿದ್ದು ಪೆಪ್ಪರ್ ಅಜ್ಜಿ ಹತ್ತಿರ. ಪೆಪ್ಪರ್ ಒಂದು ಡ್ಯಾಶಂಡ್. ಕಾಲು ಇದೆಯೋ ಇಲ್ಲವೋ ಅಂತ ಬಗ್ಗಿ ನೋಡಬೇಕು. ಆದರೆ ಸಂಘದಲ್ಲಿ ಅವಳಿಗಿರುವ ಮರ್ಯಾದೆ ಯಾರಿಗೂ ಇಲ್ಲ. ಕಾರಣ ಫ್ಲೈಬಾಲ್. ಅದು ನಾಲ್ಕು ನಾಯಿಗಳ ರಿಲೇ ಓಟ. ನಾಲ್ಕು ಹರ್ಡಲ್ ಹಾರಿ, ಪೆಟ್ಟಿಗೆ ಒತ್ತಿ, ಚಿಮ್ಮುವ ಚೆಂಡು ಕಚ್ಚಿಕೊಂಡು ವಾಪಸ್ ಬರಬೇಕು. ಹರ್ಡಲ್ ಎಷ್ಟು ಎತ್ತರ ಇರಬೇಕು ಅನ್ನೋದು ತಂಡದ ಅತಿ ಗಿಡ್ಡ ನಾಯಿಯ ಅಳತೆ ಮೇಲೆ ನಿಗದಿಯಾಗುತ್ತದೆ. ಹಾಗಾಗಿ ದೊಡ್ಡ ದೊಡ್ಡ ನಾಯಿಗಳ ಮಾಲೀಕರೆಲ್ಲ ಒಂದು ಗಿಡ್ಡ ನಾಯಿಗಾಗಿ ಕೈಮುಗಿದು ಕ್ಯೂ ನಿಲ್ಲುತ್ತಾರೆ. ಅತಿ ಚಿಕ್ಕವನ ಕೈಗೆ ಇಡೀ ಆಟ ಹೋಗುವುದು ಹೇಗೆ ಅಂತ ನಮ್ಮ ರಾಜ್ಯದವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಅಜ್ಜಿ ಕಾಫಿ ಕೊಟ್ಟರು. 'ನಿಮಗೇ ಹಾಕ್ತೀನಪ್ಪ. ಪಟ್ಟಿಯಲ್ಲಿ ನಿಮ್ಮ ಹೆಸರು ಏನಂತ ಇರುತ್ತೆ?' ಅಂದರು.

ಆಗ ಹೊಳೆಯಿತು. ಮತಪತ್ರದಲ್ಲಿ ಮನುಷ್ಯರ ಹೆಸರಿರುತ್ತದೆ.

ಅಷ್ಟೇ ಆಗಿದ್ದರೆ ನಿಭಾಯಿಸಬಹುದಿತ್ತು. ನನ್ನ ಹೆಸರು, ಬೆಂಗಳೂರಿನಲ್ಲಿ ಗಟ್ಟಿಯಾಗಿ ಕೂಗಿದರೆ ನಾಲ್ಕು ಜನ ತಿರುಗಿ ನೋಡುವಂಥದ್ದು. ಪಟ್ಟಿ ಬಂದಾಗ ನೋಡಿದರೆ ಚಿಗರಿ ಅಪ್ಪನದೂ ಅದೇ ಹೆಸರು. ನಾನು ಎಚ್.ಎಸ್., ಅವರು ಎಸ್.ಎಚ್. ದೊಡ್ಡ ಚುನಾವಣೆಗಳಲ್ಲಿ ಹೀಗೆ ಮಾಡೋಕೆ ದುಡ್ಡು ಕೊಟ್ಟು ಜನರನ್ನು ನಿಲ್ಲಿಸುತ್ತಾರೆ. ನಮಗೆ ಪುಕ್ಕಟೆಯಾಗಿ ಒದಗಿತ್ತು.

ಚಿಗರಿ ಅಪ್ಪ ಬಾಗಲಕೋಟೆ ಕಡೆಯವರು. ಚಿಗರಿ ಮುಧೋಳ ನಾಯಿ. ಬಾಣದಂಥ ಮೈ, ಓಡಿದರೆ ಕಣ್ಣಿಗೆ ಕಾಣಲ್ಲ. ಆದರೆ ಅಜಿಲಿಟಿಗೆ ಬಂದರೆ ಪಜೀತಿ. ಅದು ಕಣ್ಣಿನಿಂದ ಬೇಟೆ ಹುಡುಕುವ ಜಾತಿ. ದೂರದಲ್ಲಿ ಒಂದು ಕಾಗೆ ಅಲ್ಲಾಡಿದರೆ ಸಾಕು, ಹರ್ಡಲ್ಲೂ ಇಲ್ಲ, ಅಪ್ಪನೂ ಇಲ್ಲ. ಹಾಗಾಗಿ ಅವರ ಪ್ರಣಾಳಿಕೆ ಒಂದೇ ಸಾಲು: ಈ ವಂಕಿ ಟಿಂಕಿ ಓಟ ಸಾಕು, ನೆಟ್ಟಗೆ ಓಡುವ ರೇಸು ಇಡಬೇಕು. ಯಾರಾದರೂ ತಕರಾರು ತೆಗೆದರೆ ಅವರ ಬಳಿ ಬ್ರಹ್ಮಾಸ್ತ್ರ ಇತ್ತು. '2005ರಾಗ ನಮ್ಮ ನಾಯಿ ಅಂಚೆ ಚೀಟಿ ಮ್ಯಾಲ ಬಂದೈತ್ರಿ. ಮಿಲ್ಟ್ರಿಯವರೂ ಒಯ್ದಾರ. ನಿಮ್ಮ ಚಕ್ಲಿ ಎಲ್ಲಿ ಬಂದೈತಿ ಹೇಳ್ರಿ?' ನಮ್ಮ ಚಕ್ಲಿ ಬಂದಿದ್ದು ಪಕ್ಕದ ಮನೆಯವರ ಸಿಸಿಟಿವಿಯಲ್ಲಿ ಮಾತ್ರ. ಚಪ್ಪಲಿ ಸಮೇತ.

ಸರ್ವಸದಸ್ಯರ ಸಭೆ ಭಾನುವಾರ ಹನ್ನೊಂದು ಗಂಟೆಗೆ, ಹೊಲದ ಪಕ್ಕದ ಶೀಟಿನ ಶೆಡ್ಡಿನಲ್ಲಿ. ಕೋರಂಗೆ 21 ಜನ ಬೇಕು. ಬಂದವರು 19 ಜನ, 26 ನಾಯಿ. ನಾಯಿಗಳನ್ನು ಲೆಕ್ಕಕ್ಕೆ ಹಿಡಿಯಬಹುದಾ ಅಂತ ಒಬ್ಬರು ನಿಜವಾಗಿಯೂ ಕೇಳಿದರು. ಬೈಲಾ ಪ್ರಕಾರ ಅರ್ಧ ಗಂಟೆ ಕಾದರೆ ಕೋರಂ ಬೇಕಿಲ್ಲ. ಕಾದೆವು. ಅಷ್ಟರಲ್ಲಿ ಇಡ್ಲಿ ವಡೆ ಬಂತು. ವಡೆ ಬಂದ ಸುದ್ದಿ ಹೇಗೆ ಹಬ್ಬಿತೋ, ಇನ್ನೂ ಐದು ಜನ ಬಂದರು.

ಚುನಾವಣಾಧಿಕಾರಿ ಲಿಯೋ ತಾತ. ನಿವೃತ್ತ ಬ್ಯಾಂಕ್ ಮ್ಯಾನೇಜರು. ಮತಪೆಟ್ಟಿಗೆ ಬೇಕಲ್ಲ, ಶೆಡ್ಡಿನಲ್ಲಿದ್ದ ನಾಯಿ ಊಟದ 20 ಕಿಲೋ ಡಬ್ಬ ಖಾಲಿ ಮಾಡಿಸಿ, ಮುಚ್ಚಳಕ್ಕೆ ಸೀಳು ಹೊಡೆಸಿ ಮೇಜಿನ ಪಕ್ಕ ಇಟ್ಟರು. ಖಾಲಿ ಮಾಡಿದ್ದು ಊಟ ಮಾತ್ರ, ವಾಸನೆ ಅಲ್ಲ. ಎರಡು ನಿಮಿಷದಲ್ಲಿ ನಾಯಿಗಳು ಡಬ್ಬದ ಸುತ್ತ ಶಿಸ್ತಾಗಿ ಕೂತುಬಿಟ್ಟವು. ಯಾರೂ 'ಸಿಟ್' ಅಂದಿರಲಿಲ್ಲ. ಮೂರು ವರ್ಷ ಹೇಳಿಕೊಟ್ಟರೂ ಹತ್ತು ಸೆಕೆಂಡ್ ಕೂರದ ಚಕ್ಲಿ ಮೊದಲ ಸಾಲಿನಲ್ಲಿದ್ದ. ಒಬ್ಬೊಬ್ಬರು ಚೀಟಿ ಹಾಕಲು ಬಂದಾಗಲೂ ಅಷ್ಟೂ ಜೊತೆ ಕಣ್ಣು ಕೈಯನ್ನೇ ನೋಡುತ್ತಿದ್ದವು. ಇಷ್ಟು ಬಂದೋಬಸ್ತಿನ ಮತಗಟ್ಟೆ ನಾನು ಬೇರೆಲ್ಲೂ ನೋಡಿಲ್ಲ.

ಅದಕ್ಕೂ ಮೊದಲು ಇನ್ನೊಂದು ಆಯಿತು. 'ಈ ಹೆಸರುಗಳೆಲ್ಲ ಯಾರ‍್ಯಾರದ್ದು? ನಾಯಿ ಹೆಸರು ಹಾಕಿ' ಅಂತ ಗದ್ದಲ ಎದ್ದಿತ್ತು. ಬೈಲಾದಲ್ಲಿ ಅವಕಾಶ ಇಲ್ಲ ಅಂದರು ತಾತ. ಕೊನೆಗೆ ಅಭ್ಯರ್ಥಿಗಳು ಅವರವರ ನಾಯಿ ಹಿಡಿದುಕೊಂಡು ಮುಂದೆ ಸಾಲಾಗಿ ನಿಲ್ಲಲಿ, ಜನ ಗುರುತು ಹಿಡಿಯಲಿ ಅಂತ ಒಪ್ಪಂದವಾಯಿತು. ನಿಂತೆವು. ಚಿಗರಿ ಅಪ್ಪ 'ಎಲ್ಲಾರಿಗೂ ನಮಸ್ಕಾರ್ರಿ' ಅಂದರು, ಅಷ್ಟೇ. ಬೇಲಿ ಮೇಲೆ ಅಳಿಲು. ಚಿಗರಿ ಹೊರಟಿತು, ಹಗ್ಗ ಹಿಡಿದಿದ್ದ ಅಪ್ಪನೂ ಹೊರಟರು. ಅವರು ತಿರುಗಿ ಬಂದಿದ್ದು ಮತದಾನ ಮುಗಿಯುವ ಹೊತ್ತಿಗೆ, ಒಂದೇ ಚಪ್ಪಲಿಯಲ್ಲಿ. ನನ್ನನ್ನು ಚಕ್ಲಿ ಡಬ್ಬದ ಕಡೆ ಎಳೆದುಕೊಂಡು ಹೋದ. ಹೀಗೆ ಆರು ಜನರಲ್ಲಿ ಗುರುತು ಸಿಗಲೇಬೇಕಾಗಿದ್ದ ಇಬ್ಬರೇ ಸಾಲಿನಲ್ಲಿ ಇಲ್ಲವಾದೆವು.

ಎಣಿಕೆ ನಡೆಯುವಾಗ ಹಳೇ ಕಾರ್ಯದರ್ಶಿ ಹೊಸ ಸಮಿತಿಗೆ ವಹಿಸಬೇಕಾದ ಕೆಲಸಗಳನ್ನು ಓದಿದರು. ವರ್ಷವರ್ಷ ಲೆಕ್ಕಪತ್ರ ಆಡಿಟ್ ಮಾಡಿಸುವುದು. ರಿಜಿಸ್ಟ್ರಾರ್ ಕಚೇರಿಗೆ ಅಲೆಯುವುದು. ಹೊಲದ ಮಾಲೀಕರು ಬಾಡಿಗೆ ಏರಿಸುವುದಾಗಿ ಹೇಳಿದಾಗ ಅವರ ಕಾಲು ಹಿಡಿಯುವುದು. ಯಾರ ನಾಯಿ ಯಾರ ನಾಯಿಗೆ ಕಚ್ಚಿತು ಅನ್ನುವ ಪಂಚಾಯ್ತಿ, ಸದ್ಯ ಬಾಕಿ ಮೂರು. ಕೊನೆಯದಾಗಿ, ಮಳೆಗಾಲದಲ್ಲಿ ಎ ಏಣಿ, ಏತದ ಹಲಗೆ, ಟನಲ್, ಹನ್ನೆರಡು ಕಂಬ ಇವನ್ನೆಲ್ಲ 'ಸಮಿತಿಯ ಸದಸ್ಯರೊಬ್ಬರು ಸ್ವಂತ ಮನೆಯಲ್ಲಿ' ಇಟ್ಟುಕೊಳ್ಳುವುದು. ನಾನು ಹೆಂಡತಿಯ ಮುಖ ನೋಡಿದೆ. ಅವಳು ನನ್ನ ಮುಖ ನೋಡಲಿಲ್ಲ. ಆ ಗಳಿಗೆಯಲ್ಲಿ ಸೋಲು ಅನ್ನುವುದು ನನಗೆ ಮೊದಲ ಸಲ ಇಷ್ಟವಾಯಿತು.

ಫಲಿತಾಂಶ. ನಾಲ್ಕು ಜನ ಆರಾಮಾಗಿ ಗೆದ್ದರು. ಐದನೇ ಸ್ಥಾನಕ್ಕೆ ನಾನು ಹನ್ನೊಂದು, ಚಿಗರಿ ಅಪ್ಪ ಹನ್ನೊಂದು. ಪೆಪ್ಪರ್ ಅಜ್ಜಿ ಇಬ್ಬರಿಗೂ 'ನಿಮಗೇ ಹಾಕಿದೆ' ಅಂದರು. ಅವರು ಸುಳ್ಳು ಹೇಳಿರಲಿಕ್ಕಿಲ್ಲ. 'ನೀವ ಇರ‍್ರಿ, ನಿಮಗ ಅನುಭವ ಐತಿ' ಅಂದರು ಚಿಗರಿ ಅಪ್ಪ. 'ಛೆ ಛೆ, ನಿಮ್ಮ ನಾಯಿ ಸ್ಟಾಂಪಿನ ಮೇಲೆ ಬಂದಿದೆ' ಅಂದೆ ನಾನು. ಇಂಥ ಸೌಜನ್ಯ ಆ ಶೆಡ್ಡಿನಲ್ಲಿ ಹಿಂದೆ ಕಂಡಿರಲಿಲ್ಲ.

ಬೈಲಾ ಪ್ರಕಾರ ಚೀಟಿ ಎತ್ತಬೇಕು. ತಾತ ಎರಡು ಚೀಟಿ ಬರೆದು, ಮಡಚಿ, ವಡೆ ತಂದಿದ್ದ ಪಾತ್ರೆಗೆ ಹಾಕಿ ಕುಲುಕಿದರು. ಒಂದು ಎತ್ತಿದರು. ಗಂಭೀರವಾಗಿ ಓದಿದರು.

ಇನಿಶಿಯಲ್ ಬರೆದಿರಲಿಲ್ಲ.

ನಾನೂ ಚಿಗರಿ ಅಪ್ಪನೂ ಒಟ್ಟಿಗೇ ಎದ್ದು, ಕೈಕುಲುಕಿ, ಒಬ್ಬರಿಗೊಬ್ಬರು ಅಭಿನಂದನೆ ಹೇಳಿದೆವು. ಸಭೆ ಚಪ್ಪಾಳೆ ತಟ್ಟಿತು. ಚಪ್ಪಾಳೆಗೆ ಡಬ್ಬದ ಕಾವಲು ಪಡೆ ಬೊಗಳಿತು. ಮತ್ತೆ ಚೀಟಿ ಬರೆಯಿರಿ ಅಂತ ಯಾರೋ ಅಂದರು. ತಾತನಿಗೆ ಬಿಪಿ ಮಾತ್ರೆ ಹೊತ್ತು ಮೀರಿತ್ತು. ಬೈಲಾದ ಯಾವುದೋ ಪುಟ ತೆಗೆದು, ಸಮಿತಿ ಬೇಕೆಂದರೆ ಒಬ್ಬರನ್ನು ನಾಮನಿರ್ದೇಶನ ಮಾಡಿಕೊಳ್ಳಬಹುದು ಅಂತ ತೋರಿಸಿದರು. ಆರು ಜನ ನಿಂತಿದ್ದೆವು, ಆರೂ ಜನ ಒಳಗೆ. ಚುನಾವಣೆ ಮುಗಿಯಿತು.

ಈಗ ಎ ಏಣಿ ನಮ್ಮ ಕಾರ್ ಪಾರ್ಕಿಂಗಿನಲ್ಲಿದೆ. ಕಾರು ರಸ್ತೆಯಲ್ಲಿದೆ. ಹನ್ನೆರಡು ಕಂಬ ಬಾಲ್ಕನಿಯಲ್ಲಿವೆ. ಅಮ್ಮ ಎರಡಕ್ಕೆ ಹಾಗಲ ಬಳ್ಳಿ ಹಬ್ಬಿಸಿದ್ದಾರೆ. ಐದನೆಯದನ್ನು ಯಾವುದು ಅಂತ ಚಕ್ಲಿ ಮೂಸಿ ಗುರುತು ಹಿಡಿದ, ಆ ಕಥೆ ಬೇಡ.

ಮೊದಲ ಸಮಿತಿ ಸಭೆಯಲ್ಲಿ ಮರಳಿನ ಚೀಲದ ವಿಷಯವನ್ನು ನಾನೇ ಎತ್ತಿದೆ. ನದಿ ಮರಳೋ ಎಂ-ಸ್ಯಾಂಡೋ ಅನ್ನುವುದರ ಮೇಲೆ ಐವತ್ತು ನಿಮಿಷ ಚರ್ಚೆಯಾಯಿತು. ಎಂ-ಸ್ಯಾಂಡ್ ಪುಡಿ ನಾಯಿಗಳ ಮೂಗಿಗೆ ಹೋದರೆ ಅಂತ ಬ್ರೂನೋ ಅಮ್ಮ. ನದಿ ಮರಳಿಗೆ ರಸೀದಿ ಯಾರು ಕೊಡುತ್ತಾರೆ ಅಂತ ಖಜಾಂಚಿ. ಮೂರು ಕಡೆ ಕೊಟೇಶನ್ ತರಲು ಇಬ್ಬರ ಉಪಸಮಿತಿ ಮಾಡಿದರು. ನಾನು ಮತ್ತು ಚಿಗರಿ ಅಪ್ಪ. ನಡಾವಳಿ ಪುಸ್ತಕ ನಿನ್ನೆ ಸಹಿಗೆ ಬಂತು. ನಾಲ್ಕನೇ ಕಲಂ ಹೀಗಿದೆ: 'ಮರಳಿನ ಚೀಲಗಳು ಬರುವವರೆಗೆ, ಪ್ರತಿ ಭಾನುವಾರ ಟನಲ್ ಹಿಡಿದುಕೊಂಡು ಶ್ರೀ ಎಚ್.ಎಸ್. ಅವರೇ ನಿಲ್ಲುವುದೆಂದು ಸರ್ವಾನುಮತದಿಂದ ತೀರ್ಮಾನಿಸಲಾಯಿತು.'