ಪುಣೆಯ ವಾಧ್ವಾ ಅವರನ್ನೂ ನೆನೆಯಿರಿ
2007ರಲ್ಲಿ ವೆನೆಜುವೆಲಾದ ಸಂಸತ್ತು ಅಲ್ಲಿನ ಅಧ್ಯಕ್ಷ ಹ್ಯೂಗೊ ಚಾವೆಜ್‌ಗೆ 18 ತಿಂಗಳು ಸುಗ್ರೀವಾಜ್ಞೆಯಲ್ಲೇ, ಅಂದರೆ ಸದನದ ಮುಂದೆ ತಾರದೆ, ಕಾನೂನು ಮಾಡುವ ಅಧಿಕಾರ ಕೊಟ್ಟಿದ್ದನ್ನು ನಿಮ್ಮ ಪತ್ರಿಕೆಯ ಲೇಖನವೊಂದರಲ್ಲಿ ಲೇಖಕರು ‘ಜನರೇ ಆರಿಸಿದವರಲ್ಲವೇ’ ಎಂದು ಸಮರ್ಥಿಸಿದ್ದಾರೆ. ನಾನು ಒಪ್ಪುವುದಿಲ್ಲ. 2005ರ ಚುನಾವಣೆಯನ್ನು ಮುಖ್ಯ ವಿರೋಧ ಪಕ್ಷಗಳು ಬಹಿಷ್ಕರಿಸಿದ್ದರಿಂದ ಆ ಸದನದಲ್ಲಿ ಗಟ್ಟಿಯಾಗಿ ‘ಬೇಡ’ ಅನ್ನುವವರೇ ಇರಲಿಲ್ಲ.

ನಾನಿರುವುದು ಪುಣೆಯಲ್ಲಿ. ಇಲ್ಲಿನ ಗೋಖಲೆ ಇನ್‌ಸ್ಟಿಟ್ಯೂಟಿನ ಗೇಟು ದಾಟುವಾಗಲೆಲ್ಲ ಡಿ.ಸಿ. ವಾಧ್ವಾ ನೆನಪಾಗುತ್ತಾರೆ. ಅಲ್ಲಿ ಅರ್ಥಶಾಸ್ತ್ರ ಕಲಿಸುತ್ತಿದ್ದ ಅವರು ಬಿಹಾರದ ದಾಖಲೆಗಳನ್ನು ಜಾಲಾಡಿ, 1967ರಿಂದ 1981ರವರೆಗೆ 256 ಸುಗ್ರೀವಾಜ್ಞೆಗಳನ್ನು ಸರ್ಕಾರ ಸದನದಲ್ಲಿ ಕಾನೂನಾಗಿಸದೆ ಮತ್ತೆ ಮತ್ತೆ ಹೊರಡಿಸಿ ಜೀವಂತ ಇಟ್ಟಿದ್ದನ್ನು ಬಯಲಿಗೆಳೆದರು. ಕೆಲವಂತೂ ಹತ್ತು ವರ್ಷಕ್ಕೂ ಮೀರಿ ಬದುಕಿದ್ದವು! ಕೋರ್ಟಿಗೂ ಹೋದರು. 1986ರಲ್ಲಿ ಸುಪ್ರೀಂ ಕೋರ್ಟು ಇದನ್ನು ಸಂವಿಧಾನಕ್ಕೆ ಬಗೆದ ವಂಚನೆ ಎಂದಿತು. ಒಬ್ಬ ಮೇಷ್ಟ್ರು ಮಾಡಿದ ಕೆಲಸ ಇದು. ಆಗ ಬಿಹಾರದಲ್ಲೂ ಜನ ವೋಟು ಹಾಕಿಯೇ ಸರ್ಕಾರ ಆರಿಸಿದ್ದರು ಸರ್.