ಸ್ಪಷ್ಟನೆ: ಸತ್ನಾಮ್ ಸಿಂಗ್ ಡ್ರಾಫ್ಟ್ ಆಗಿದ್ದು ನಿಜ, ಎನ್‌ಬಿಎ ಆಡಿದ್ದು ಸುಳ್ಳು

‘ಎನ್‌ಬಿಎಯಲ್ಲಿ (ಅಮೆರಿಕದ ದೊಡ್ಡ ಬ್ಯಾಸ್ಕೆಟ್‌ಬಾಲ್ ಲೀಗ್) ಆಡಿದ ಮೊದಲ ಭಾರತೀಯ ಸತ್ನಾಮ್ ಸಿಂಗ್’ ಎಂಬ ಸಾಲು ಆಗಾಗ ವಾಟ್ಸಾಪ್‌ನಲ್ಲಿ ಓಡಾಡುತ್ತದೆ. ಇದು ಸರಿಯಲ್ಲ; ಅವರು ಡ್ರಾಫ್ಟ್ ಆಗಿದ್ದು, ಅಂದರೆ ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸುವಾಗ ಆಯ್ಕೆಯಾಗಿದ್ದು, ಮಾತ್ರ ನಿಜ.

ಪಂಜಾಬಿನ ಬಲ್ಲೋ ಕೆ ಹಳ್ಳಿಯ ಈ ಏಳಡಿ ಎರಡಿಂಚಿನ ಹುಡುಗನನ್ನು 2015ರ ಡ್ರಾಫ್ಟ್‌ನಲ್ಲಿ ಡಲ್ಲಾಸ್ ಮ್ಯಾವರಿಕ್ಸ್ ಆರಿಸಿಕೊಂಡಿತು. ಆಗ ವಯಸ್ಸು 19. ಭಾರತದಲ್ಲಿ ಹುಟ್ಟಿ ಡ್ರಾಫ್ಟ್ ಆದವರಲ್ಲಿ ಅವರೇ ಮೊದಲಿಗರು. ಆದರೆ ಎನ್‌ಬಿಎಯ ಒಂದೇ ಒಂದು ಲೀಗ್ ಪಂದ್ಯಕ್ಕೂ ಅವರು ಇಳಿಯಲಿಲ್ಲ. ಆಡಿದ್ದು ಹೊಸಬರನ್ನು ಪರೀಕ್ಷಿಸುವ ಸಮ್ಮರ್ ಲೀಗ್‌ನಲ್ಲಿ, ಆಮೇಲೆ ಕೆಳಹಂತದ ಲೀಗ್‌ನ ಟೆಕ್ಸಾಸ್ ಲೆಜೆಂಡ್ಸ್ ತಂಡಕ್ಕೆ.

ಡ್ರಾಫ್ಟ್ ಆದರೆ ಕೆಲಸ ಗಟ್ಟಿ ಅಂತ ತುಂಬಾ ಜನ ತಿಳಿದಿದ್ದಾರೆ. ಗೊಂದಲ ಹುಟ್ಟೋದು ಅಲ್ಲೇ. ಒಟ್ಟು 60 ಆಯ್ಕೆಗಳಲ್ಲಿ ಮೊದಲ ಸುತ್ತಿನ 30 ಮಂದಿಗೆ ಖಾತ್ರಿ ಸಂಬಳದ ಕರಾರು ಸಿಗುತ್ತದೆ. ಎರಡನೇ ಸುತ್ತಿನವರಿಗೆ ಆ ಖಾತ್ರಿ ಇಲ್ಲ. ಸತ್ನಾಮ್ 52ನೆಯವರು. ಅಷ್ಟು ಕೆಳಗಿನ ಸ್ಥಾನದಲ್ಲಿ ಆರಿಸುವಾಗ ತಂಡಗಳು ಇಂದಿನ ಆಟಕ್ಕಿಂತ ಮುಂದೆ ಬೆಳೆಯಬಹುದೇ ಅಂತ ನೋಡುತ್ತವೆ. ಕಳೆದುಕೊಳ್ಳೋದು ಕಡಿಮೆ, ಅಲ್ವಾ? 2014ರಲ್ಲಿ 41ನೆಯವರಾಗಿ ಬಂದ ನಿಕೊಲಾ ಯೋಕಿಚ್ ಮೂರು ಸಲ ಎಂವಿಪಿ (ಲೀಗ್‌ನ ವರ್ಷದ ಅತ್ಯುತ್ತಮ ಆಟಗಾರ) ಆದರು. ಅಂಥದ್ದು ಅಪರೂಪ ಬಿಡಿ.

ಭಾರತ ಮೂಲದವರಲ್ಲಿ ಮೊದಲು ಎನ್‌ಬಿಎ ಆಡಿದವರು ಕೆನಡಾದ ಸಿಮ್ ಭುಲ್ಲರ್. 2015ರ ಏಪ್ರಿಲ್‌ನಲ್ಲಿ, ಸ್ಯಾಕ್ರಮೆಂಟೊ ಕಿಂಗ್ಸ್ ಪರ. ತಮಾಷೆ ಏನಂದ್ರೆ, ಅವರನ್ನು ಡ್ರಾಫ್ಟ್‌ನಲ್ಲಿ ಯಾರೂ ಆರಿಸಿರಲಿಲ್ಲ.